ದಾರಿಗಿಟ್ಟ ಹೆಸರು

ಕಡೂರು ಪೇಟೆಯ ನಡುವೆ ಹಾದುಹೋಗುವ ದೊಡ್ಡ ರಸ್ತೆಗೆ ಬಿ.ಎಚ್. ರಸ್ತೆ ಎಂದು ಹೆಸರು. ಬೀರೂರಿಗೆ ಹೋದರೂ ಅದೇ ಹೆಸರು, ತರೀಕೆರೆಗೆ ಹೋದರೂ ಅದೇ. ಬಟ್ಟೆ ಅಂಗಡಿಯ ಕೈಚೀಲದ ಮೇಲೆ, ಕಲ್ಯಾಣಮಂಟಪದ ವಿಳಾಸದಲ್ಲಿ, ಮೆಡಿಕಲ್ ಸ್ಟೋರಿನ ಬಿಲ್ಲಿನಲ್ಲಿ ಈ ಎರಡಕ್ಷರ ದಿನವೂ ಅಚ್ಚಾಗುತ್ತಲೇ ಇರುತ್ತದೆ. ಹೇಳುವವರು ಹೇಳುತ್ತಾರೆ, ಕೇಳುವವರು ಕೇಳುತ್ತಾರೆ, ಆಟೋ ತಿರುಗುತ್ತದೆ, ಕೆಲಸ ಮುಗಿಯುತ್ತದೆ. ಆ ಎರಡಕ್ಷರವನ್ನು ಬಿಡಿಸಿ ನೋಡಿದರೆ ಒಂದು ತುದಿಯಲ್ಲಿ ಬೆಂಗಳೂರು, ಇನ್ನೊಂದು ತುದಿಯಲ್ಲಿ ಹೊನ್ನಾವರ. ತುಮಕೂರು, ತಿಪಟೂರು, ಅರಸೀಕೆರೆ ದಾಟಿ ಬಂದ ದಾರಿ ನಮ್ಮ ಸೀಮೆಯನ್ನು ಹಾದು, ಭದ್ರಾವತಿ, ಶಿವಮೊಗ್ಗ, ಸಾಗರಗಳನ್ನು ಮುಟ್ಟಿ, ಗೇರುಸೊಪ್ಪೆಯ ಘಟ್ಟ ಇಳಿದು, ಶರಾವತಿ ಕಡಲು ಸೇರುವಲ್ಲಿಗೆ ಹೋಗಿ ನಿಲ್ಲುತ್ತದೆ. ರಾಗಿ, ತೆಂಗು ಬೆಳೆದುಕೊಂಡು ಮಳೆಗಾಗಿ ಆಕಾಶ ನೋಡುವ ಬಯಲುಸೀಮೆಯ ಊರೊಂದರ ಅಂಗಡಿ ವಿಳಾಸದಲ್ಲಿ ಅರಬ್ಬೀ ಸಮುದ್ರ ಇದೆ. ಅದನ್ನು ಉಚ್ಚರಿಸುವ ನಾವು ಅದನ್ನು ನೆನೆಯುವುದೇ ಇಲ್ಲ.

ಚಿಕ್ಕಮಗಳೂರಿನ ಕೆ.ಎಂ. ರಸ್ತೆಯದೂ ಇದೇ ಬಗೆ. ಕಡೂರು–ಮಂಗಳೂರು ರಸ್ತೆ ಎನ್ನುವುದು ಸವೆದು ಸವೆದು ಎರಡಕ್ಷರವಾಗಿದೆ. ಮೂಡಿಗೆರೆ, ಕೊಟ್ಟಿಗೆಹಾರ, ಚಾರ್ಮಾಡಿ ಘಟ್ಟದ ಮೂಲಕ ಮಂಗಳೂರಿಗೆ ಇಳಿಯುವ ಈ ದಾರಿಯಲ್ಲಿ ಒಂದು ಕಾಲಕ್ಕೆ ಮಲೆನಾಡಿನ ಕಾಫಿ ಕೆಳಗೆ ಹೋಗುತ್ತಿತ್ತು, ಕರಾವಳಿಯ ಉಪ್ಪು ಮೇಲೆ ಬರುತ್ತಿತ್ತು. ಆ ದಾರಿಯಲ್ಲೇ, ಕಡೂರಿಗೂ ಚಿಕ್ಕಮಗಳೂರಿಗೂ ನಡುವೆ, ಸಖರಾಯಪಟ್ಟಣ ಇದೆ. ಹೊನ್ನಾವರದ ಹೆದ್ದಾರಿಗೆ ಸರ್ಕಾರ 206 ಎಂದು ಸಂಖ್ಯೆ ಕೊಟ್ಟಿತ್ತು; ಆಮೇಲೆ ಆ ಸಂಖ್ಯೆಯೂ ಬದಲಾಯಿತು. ಬಿ.ಎಚ್. ರಸ್ತೆ ಮಾತ್ರ ಬಿ.ಎಚ್. ರಸ್ತೆಯಾಗಿಯೇ ಉಳಿಯಿತು.

ಬೀದಿಯ ಹೆಸರುಗಳ ವಿಷಯದಲ್ಲಿ ನನಗೆ ತೀರದ ಬೆರಗು ಇರುವುದು ಇಲ್ಲಿಯೇ. ಹೆಸರು ನಮ್ಮ ತಿಳಿವಳಿಕೆಗಾಗಿ ಕಾಯುವುದಿಲ್ಲ. ಯಾರು ಇಟ್ಟರು, ಏಕೆ ಇಟ್ಟರು ಎಂಬುದೊಂದೂ ಗೊತ್ತಿಲ್ಲದ ಬಾಯಿಗಳು ಅದನ್ನು ತಲೆಮಾರಿನಿಂದ ತಲೆಮಾರಿಗೆ ದಾಟಿಸುತ್ತವೆ. ಕಲ್ಲಿನ ಶಾಸನಕ್ಕೆ ಓದಬಲ್ಲವನೊಬ್ಬ ಬೇಕು. ತಾಳೆಗರಿಗೆ ಹುಳ ಹಿಡಿಯದಂತೆ ಕಾಯುವ ಮನೆಯೊಂದು ಬೇಕು. ಹೆಸರಿಗೆ ಬೇಕಾದದ್ದು ಇಷ್ಟೇ: ಯಾರಾದರೂ ಎಲ್ಲಿಗೋ ಹೋಗಬೇಕು, ದಾರಿ ಕೇಳಬೇಕು.

ಸಖರಾಯಪಟ್ಟಣದ ಹೆಸರನ್ನೇ ತೆಗೆದುಕೊಳ್ಳಿ. ಬೋರ್ಡಿನ ಮೇಲೆ ಸಖರಾಯಪಟ್ಟಣ. ಹಳೆಯ ಇಂಗ್ಲಿಷ್ ದಾಖಲೆಗಳಲ್ಲಿ ಸಕ್ರೆಪಟ್ನ. ಬಸ್ಸಿನ ಬಾಗಿಲಲ್ಲಿ ನಿಂತು ಕೂಗುವ ಕಂಡಕ್ಟರ್ ಬಾಯಲ್ಲಿ ಒಂದೇ ಉಸಿರಿನ ಸಕ್ರೇಪಟ್ನ. 2013ರಲ್ಲಿ ಕಡೂರಿನಿಂದ ಚಿಕ್ಕಮಗಳೂರಿಗೆ ರೈಲು ಬಂದ ಮೇಲೆ ನಿಲ್ದಾಣದ ಹಳದಿ ಫಲಕದ ಮೇಲೂ ಈ ಹೆಸರು ಏರಿತು. ಪಟ್ಟಣ ಎಂಬ ಮಾತು ಅದರ ಬೆನ್ನಿಗೆ ಸುಮ್ಮನೆ ಅಂಟಿಕೊಂಡದ್ದಲ್ಲ. ಇದು ಕೋಟೆ ಇದ್ದ ಊರು, ಆಳಿದವರು ಇದ್ದ ಊರು, ರಂಗನಾಥನ ಗುಡಿಯ ಊರು. ಇಂದು ನೋಡಿದರೆ ಕಡೂರು ತಾಲ್ಲೂಕಿನ ಒಂದು ಹೋಬಳಿಯ ಕೇಂದ್ರ. ಹೆಸರಿನಲ್ಲಿ ಮಾತ್ರ ರಾಜಧಾನಿಯ ಗತ್ತು ಹಾಗೆಯೇ ಇದೆ.

ಇಲ್ಲಿ ರುಕ್ಮಾಂಗದನೆಂಬ ರಾಜ ಆಳುತ್ತಿದ್ದನೆಂದು ಜನ ಹೇಳುತ್ತಾರೆ. ಏಕಾದಶಿಯ ಪುರಾಣದಲ್ಲಿ ಬರುವ ರಾಜನ ಹೆಸರೂ ಇದೇ. ಪುರಾಣದವನೇ ಇವನೋ, ಆ ಹೆಸರು ಹೊತ್ತ ಸ್ಥಳೀಯ ದೊರೆಯೋ ಎಂದು ಜನಕ್ಕೆ ಬಗೆಹರಿಸಿಕೊಳ್ಳುವ ಅವಸರವಿಲ್ಲ. ಆ ರುಕ್ಮಾಂಗದನಿಗೆ ಇಬ್ಬರು ಹೆಣ್ಣುಮಕ್ಕಳು. ಹಿರಿಯಳಿಗೆ ಒಂದು ಊರು ಬಳುವಳಿ ಕೊಟ್ಟ, ಅದು ಹಿರೇಮಗಳೂರು. ಕಿರಿಯಳಿಗೆ ಇನ್ನೊಂದು ಊರು ಕೊಟ್ಟ, ಅದು ಚಿಕ್ಕಮಗಳೂರು. ಶಾಲೆಗೆ ಹೋಗುವ ಮಕ್ಕಳಿಗೂ ಗೊತ್ತಿರುವ ಕಥೆ ಇದು. ಇವತ್ತು ಚಿಕ್ಕಮಗಳೂರು ಬೆಳೆದು ಬೆಳೆದು ಹಿರೇಮಗಳೂರನ್ನು ತನ್ನೊಳಗೇ ಸೇರಿಸಿಕೊಂಡಿದೆ. ಅಕ್ಕನ ಊರು ತಂಗಿಯ ಊರಿನ ಒಂದು ಭಾಗವಾಗಿದೆ. ಜಿಲ್ಲೆಗೂ ತಂಗಿಯದೇ ಹೆಸರು. 1947ರವರೆಗೆ ಇದು ಕಡೂರು ಜಿಲ್ಲೆಯಾಗಿತ್ತು. 1901ರಲ್ಲಿ ಬಿ.ಎಲ್. ರೈಸ್ ಪ್ರಕಟಿಸಿದ ಶಾಸನ ಸಂಪುಟದ ಮೇಲೂ ಕಡೂರು ಜಿಲ್ಲೆ ಎಂದೇ ಇದೆ.

ಶಾಸನಗಳ ಮಾತು ಬಂದ ಮೇಲೆ ಇದನ್ನೂ ಹೇಳಬೇಕು. ಹಳೆಯ ಶಾಸನಗಳಲ್ಲಿ ಈ ಎರಡು ಊರುಗಳನ್ನು ಪಿರಿಯ ಮುಗುಳಿ, ಕಿರಿಯ ಮುಗುಳಿ ಎಂದು ಕರೆದಿದೆ. ಅಲ್ಲಿ ಮಗಳು ಇಲ್ಲ, ಮದುವೆ ಇಲ್ಲ, ಬಳುವಳಿ ಇಲ್ಲ. ಕಾಲ ಕಳೆದಂತೆ ಮುಗುಳಿ ಎಂಬ ಮಾತಿನ ಮೊದಲ ನೆನಪು ಮಸುಕಾಗಿರಬೇಕು. ಜನರ ಕಿವಿಗೆ ಅದು ಮಗಳು ಎಂದು ಕೇಳಿಸಿರಬೇಕು. ಮಗಳು ಎಂದ ಮೇಲೆ ತಂದೆಯೊಬ್ಬ ಬೇಕಲ್ಲ? ಎರಡು ಊರು ಕೊಡುವಷ್ಟು ದೊಡ್ಡ ತಂದೆ ಬೇಕಾದರೆ ಹತ್ತಿರದಲ್ಲಿ ರಾಜಧಾನಿಯೊಂದು ಇರಬೇಕಲ್ಲ? ಹುಡುಕಿಕೊಂಡು ಬಂದ ಕಥೆಗೆ ಸಖರಾಯಪಟ್ಟಣದಲ್ಲಿ ರುಕ್ಮಾಂಗದ ಸಿಕ್ಕಿದ.

ಇದು ತಿಳಿದ ಮೇಲೆ ಬಳುವಳಿಯ ಕಥೆ ನನ್ನ ಪಾಲಿಗೆ ಸುಳ್ಳಾಗಲಿಲ್ಲ, ಇನ್ನಷ್ಟು ಹತ್ತಿರವಾಯಿತು. ಮನುಷ್ಯ ಕಾರಣವಿಲ್ಲದ ಹೆಸರಿನೊಳಗೆ ಬಾಳಲಾರ. ಹಳೆಯ ಕಾರಣ ಕೈತಪ್ಪಿದರೆ ಹೊಸದೊಂದನ್ನು ಹುಟ್ಟಿಸಿಕೊಳ್ಳುತ್ತಾನೆ, ಅದೂ ತನ್ನ ಮನೆಯೊಳಗಿನ ಪ್ರೀತಿಯಿಂದಲೇ. ಊರಿಗೆ ಕಾರಣ ಹೇಳಬೇಕಾಗಿ ಬಂದಾಗ ನಮ್ಮ ಹಿರಿಯರಿಗೆ ಯುದ್ಧದಲ್ಲಿ ಗೆದ್ದ ದೊರೆಯ ನೆನಪಾಗಲಿಲ್ಲ. ಮಗಳನ್ನು ಕಳಿಸಿಕೊಟ್ಟ ತಂದೆ ನೆನಪಾದ. ಶಾಸನ ಆ ಊರಿನ ಹಳೆಯ ಹೆಸರನ್ನು ಉಳಿಸಿಕೊಟ್ಟಿತು. ಆ ಊರಿನ ಜನ ಎಂಥವರೆಂಬುದನ್ನು ಕಥೆ ಉಳಿಸಿಕೊಟ್ಟಿತು. ಎರಡನ್ನೂ ಕೈಬಿಡಲು ನನಗೆ ಮನಸ್ಸಿಲ್ಲ. ಸ್ಥಳನಾಮಗಳನ್ನು ಹಿಡಿದು ಕನ್ನಡ ನಾಡಿನ ಚರಿತ್ರೆಯನ್ನು ಹುಡುಕಿದ ಶಂ.ಬಾ. ಜೋಶಿಯವರು ತಮ್ಮ ಪುಸ್ತಕಕ್ಕೆ ‘ಎಡೆಗಳು ಹೇಳುವ ಕಂನಾಡ ಕಥೆ’ ಎಂದು ಹೆಸರಿಟ್ಟರು. ಎಡೆಗಳೇ ಕಥೆ ಹೇಳುತ್ತವೆ. ಕೇಳುವ ವ್ಯವಧಾನ ನಮ್ಮದಾಗಬೇಕು.

ನಮ್ಮ ಸೀಮೆಯ ಎಡೆಗಳು ಹೆಚ್ಚಾಗಿ ಹೇಳುವುದು ನೀರಿನ ಕಥೆಯನ್ನು. ತರೀಕೆರೆ, ಅರಸೀಕೆರೆ, ಸಿಂಗಟಗೆರೆ, ಪಟ್ಟಣಗೆರೆ. ಅಜ್ಜಂಪುರದ ಕಡೆಗೆ ಹೋದರೆ ಬುಕ್ಕಾಂಬುಧಿ. ಕೆರೆಯನ್ನು ಅಂಬುಧಿ ಎಂದು, ಕಡಲೆಂದು, ಕರೆದುಬಿಟ್ಟಿದ್ದಾರೆ. ನೀರು ಧಾರಾಳವಾಗಿರುವ ಮಲೆನಾಡಿನವರಿಗೆ ಇಷ್ಟು ಕೆರೆಗಳ ಹೆಸರು ಬೇಕಾಗುತ್ತಿರಲಿಲ್ಲವೇನೋ. ಬಾಬಾಬುಡನ್‌ಗಿರಿಯ ಮೂಡಲ ಮಗ್ಗುಲಲ್ಲಿ ಮಳೆ ಕಡಿಮೆಯಾಗುತ್ತ ಬರುವ ಈ ಸೆರಗಿನಲ್ಲಿ ಏರಿ ಕಟ್ಟಿ ನೀರು ನಿಲ್ಲಿಸಿದ್ದೇ ಊರು ಹುಟ್ಟುವುದಕ್ಕೆ ಮೂಲ. ಊರ ಹೆಸರಿನಲ್ಲಿ ಕೆರೆ ಬಂದದ್ದು ಅಲಂಕಾರಕ್ಕೆ ಬಂದದ್ದಲ್ಲ. ಆ ಕೆರೆ ಒಡೆದರೆ ಹೆಸರಿಡುವುದಕ್ಕೆ ಊರೇ ಇರುತ್ತಿರಲಿಲ್ಲ. ದನಗಳ ಕಥೆ ಹೇಳುವ ಎಡೆಗಳೂ ಇವೆ. ಕಡೂರಿನ ಬಳಿ ಎಮ್ಮೆದೊಡ್ಡಿ ಇದೆ. ಅಜ್ಜಂಪುರದಲ್ಲಿ ಅಮೃತಮಹಲ್ ತಳಿಯ ಕೇಂದ್ರ ಇದೆ. ಚಿಕ್ಕದೇವರಾಜ ಒಡೆಯರ ಕಾಲದಲ್ಲಿ ಬೆಣ್ಣೆ ಚಾವಡಿ ಎಂದು ಕರೆಸಿಕೊಳ್ಳುತ್ತಿದ್ದ ಅರಮನೆಯ ದನದ ಇಲಾಖೆಗೆ ಟಿಪ್ಪು ಸುಲ್ತಾನ್ ಅಮೃತಮಹಲ್ ಎಂದು ಹೆಸರಿಟ್ಟ. ಬೆಣ್ಣೆ ಹೋಗಿ ಅಮೃತ ಬಂತು. ಹುಲ್ಲುಗಾವಲುಗಳು ಇಂದಿಗೂ ಅಮೃತಮಹಲ್ ಕಾವಲುಗಳೇ.

ಸಖರಾಯಪಟ್ಟಣದ ಹತ್ತಿರ, ಶಕುನಗಿರಿಯ ಬುಡದಲ್ಲಿ, ಅಯ್ಯನಕೆರೆ ಇದೆ. ಮೂರು ಕಡೆ ಬೆಟ್ಟ, ಒಂದು ಕಡೆ ಏರಿ. ಏರಿಯ ಮೇಲೆ ನಿಂತರೆ ಎಡಗಣ್ಣಿಗೆ ನೀರು, ಬಲಗಣ್ಣಿಗೆ ಆ ನೀರಿನಿಂದ ಹಸುರಾದ ತೋಟ, ಗದ್ದೆ. ಕಟ್ಟಿಸಿದವನು ರುಕ್ಮಾಂಗದನೆಂದು ಜನರ ಮಾತು. ಹೊಯ್ಸಳರ ಕಾಲದಲ್ಲಿ, 1156ರಲ್ಲಿ, ಅದನ್ನು ದುರಸ್ತಿ ಮಾಡಿಸಿದರೆಂದು ಹೇಳುತ್ತಾರೆ. ಅಂದರೆ ಎಂಟುನೂರ ಎಪ್ಪತ್ತು ವರ್ಷಗಳ ಹಿಂದೆಯೇ ಇದು ರಿಪೇರಿಗೆ ಬರುವಷ್ಟು ಹಳೆಯ ಕೆರೆ.

ಈ ಕೆರೆಯ ನೀರಿನ ದಾರಿಯನ್ನು ಹಿಡಿದು ಸ್ವಲ್ಪ ದೂರ ಹೋಗೋಣ. ಬೆಟ್ಟದಿಂದ ಇಳಿದು ಕೆರೆಗೆ ಬರುವಾಗ ಅದು ಗೌರಿಹಳ್ಳ. ಕೆರೆಯಲ್ಲಿ ನಿಂತಾಗ ಅಯ್ಯನಕೆರೆ. ಕೆರೆಯಿಂದ ಹೊರಟು ಸಖರಾಯಪಟ್ಟಣವನ್ನು ಹಾದು ಮುಂದಕ್ಕೆ ಹರಿಯುವಾಗ ವೇದಾ ನದಿ. ಕಡೂರಿನ ಹತ್ತಿರ ಅವತಿ ಬಂದು ಕೂಡಿದ ಮೇಲೆ ಎರಡೂ ಹೆಸರು ಬೆಸೆದು ವೇದಾವತಿ. ಹಿರಿಯೂರಿನ ಬಳಿ ಎರಡು ಗುಡ್ಡಗಳ ಸಂದಿಯಲ್ಲಿ ತಡೆದು ನಿಲ್ಲಿಸಿದಾಗ ವಾಣಿವಿಲಾಸ ಸಾಗರ. 1907ರಲ್ಲಿ ಮುಗಿದ ಆ ಅಣೆಕಟ್ಟೆಗೆ ಮಹಾರಾಣಿ ಕೆಂಪನಂಜಮ್ಮಣ್ಣಿ ವಾಣಿವಿಲಾಸ ಸನ್ನಿಧಾನದವರ ಹೆಸರು. ಆದರೂ ಸುತ್ತಲಿನ ಜನ ಅದನ್ನು ಇಂದಿಗೂ ಮಾರಿಕಣಿವೆ ಎನ್ನುತ್ತಾರೆ. ಅದನ್ನೂ ದಾಟಿ ಬಳ್ಳಾರಿ ಸೀಮೆಗೆ ಹೋದರೆ ಅದು ಹಗರಿ. ಕೊನೆಗೆ ತುಂಗಭದ್ರೆಯೊಳಗೆ ಬಿದ್ದು ಎಲ್ಲ ಹೆಸರನ್ನೂ ಬಿಟ್ಟುಕೊಡುತ್ತದೆ. ಹರಿಯುವುದು ಒಂದೇ ನೀರು. ದಡದಲ್ಲಿ ನಿಂತು ಕೊಡ ಮುಳುಗಿಸಿದವರು ಮಾತ್ರ ತಮ್ಮ ತಮ್ಮ ಸಂಬಂಧದಿಂದ ಅದನ್ನು ಕರೆದರು. ಗೌರಿ ಎಂದವರಿಗೆ ಅದು ಮನೆಮಗಳು, ವೇದಾ ಎಂದವರಿಗೆ ಪೂಜ್ಯಳು. ಹೆಸರನ್ನು ಕೇಳಿದರೆ ನೀರಿನ ಗುಣಕ್ಕಿಂತ ಕರೆದವರ ಮನಸ್ಸೇ ಹೆಚ್ಚು ತಿಳಿಯುತ್ತದೆ.

ಆದರೆ ಅಯ್ಯನಕೆರೆಯ ಕಥೆ ಅಷ್ಟಕ್ಕೇ ಮುಗಿಯುವುದಿಲ್ಲ. ಹೊನ್ನಬಿಲ್ಲ ಎಂಬ ಒಬ್ಬ ತೋಟಿ ಇದ್ದ, ರಾಜನ ಊಳಿಗದವನು. ಕೆರೆಯ ಏರಿ ನಿಲ್ಲಲೆಂದು ಅವನು ಪ್ರಾಣ ಕೊಟ್ಟ ಎಂದು ಹೇಳುತ್ತಾರೆ. ಅವನ ನೆನಪಿಗೆ ಸಖರಾಯಪಟ್ಟಣದಲ್ಲಿ ಸ್ಮಾರಕವೊಂದಿರುವುದು ಹಳೆಯ ಗೆಜೆಟಿಯರಿನಲ್ಲಿಯೂ ದಾಖಲಾಗಿದೆ. ಕೆರೆಗೆ ಪ್ರಾಣ ಕೊಟ್ಟವರ ಕಥೆ ನಮ್ಮ ನಾಡಿನ ತುಂಬ ಇದೆ. ಎಲ್ಲೋ ಕಿರಿಯ ಸೊಸೆ, ಎಲ್ಲೋ ಗಂಗೆಗೆ ಮಾತು ಕೊಟ್ಟು ಮರಳಿ ಬಾರದ ನೀರಗಂಟಿ. ಕೊಟ್ಟರೋ ಅವರಿಂದ ಕಿತ್ತುಕೊಂಡರೋ ಎಂಬುದನ್ನು ಆ ಕಥೆಗಳು ನೇರವಾಗಿ ಹೇಳುವುದಿಲ್ಲ. ಸೊಸೆ, ತೋಟಿ, ನೀರಗಂಟಿ. ಇಲ್ಲ ಎನ್ನಲು ಬಾಯಿಲ್ಲದವರನ್ನೇ ಏಕೆ ಕೆರೆ ಕೇಳಿತು ಎಂಬ ಪ್ರಶ್ನೆಯನ್ನು ನಾವೇ ಕೇಳಿಕೊಳ್ಳಬೇಕು.

ತೋಟಿ ಎಂದರೆ ಊರಿನ ಕಾವಲು, ಕರೆ, ಓಲೆ, ಗಡಿಯ ಲೆಕ್ಕ ಎಲ್ಲವನ್ನೂ ಹೊತ್ತು ಊರ ಹೊರಗೇ ಬದುಕಿದವನು. ಗಡಿಜಗಳ ಬಂದರೆ ಎಲ್ಲೆ ಎಲ್ಲಿದೆ ಎಂದು ಹೇಳಲು ಅವನೇ ಬೇಕಾಗುತ್ತಿತ್ತು. ಯಾವ ಕಲ್ಲಿಗೆ ಏನು ಹೆಸರು, ಯಾವ ಹಳ್ಳ ಯಾರದು, ಯಾವ ಓಣಿ ಎಲ್ಲಿಗೆ ಕೂಡುತ್ತದೆ ಎಂಬುದೆಲ್ಲ ಅವನ ಕಾಲಿಗೂ ನಾಲಿಗೆಗೂ ಗೊತ್ತಿತ್ತು. ಊರಿನ ಹೆಸರುಗಳ ಜೀವಂತ ಭಂಡಾರವೇ ಆಗಿದ್ದವನ ಹೆಸರು ಊರಿನ ಯಾವುದಕ್ಕೂ ಬರಲಿಲ್ಲ. ಕೆರೆ ಅಯ್ಯನದಾಯಿತು. ಊರು ರಾಯನದಾಯಿತು. ತರೀಕೆರೆಯ ಹತ್ತಿರ ಅಮೃತಾಪುರದಲ್ಲಿ 1196ರಲ್ಲಿ ವೀರಬಲ್ಲಾಳನ ದಂಡನಾಯಕ ಕಟ್ಟಿಸಿದ ಗುಡಿ ಅಮೃತೇಶ್ವರ. ಆ ಗುಡಿಯ ಶಾಸನಕ್ಕೆ ಪದ್ಯ ರಚಿಸಿದವನು ಕವಿ ಜನ್ನ. ಕಟ್ಟಿಸಿದವನ ಹೆಸರು ಗುಡಿಗೂ ದೇವರಿಗೂ ಊರಿಗೂ ಬಂತು, ಅದನ್ನು ಹಾಡಲು ಕವಿಯೂ ಸಿಕ್ಕ. ಅದು ತಪ್ಪೆಂದು ನಾನು ಹೇಳುತ್ತಿಲ್ಲ. ಆ ಗುಡಿಯ ಮುಂದೆ ನಿಂತವರಿಗೆ ದಂಡನಾಯಕನ ಮೇಲೆ ಗೌರವ ಹುಟ್ಟದೆ ಇರದು. ಹೊನ್ನಬಿಲ್ಲನಿಗೂ ಒಂದು ದಾರಿಯಷ್ಟಾದರೂ ಸಲ್ಲಬೇಕಿತ್ತು ಎಂದು ಮನಸ್ಸು ಹೇಳುತ್ತದೆ.

1961ರಲ್ಲಿ ಕಾನೂನು ಮಾಡಿ, 1963ರಿಂದ ಜಾರಿಗೆ ತಂದು, ಪಟೇಲ, ಶಾನುಭೋಗ, ತೋಟಿ, ತಳವಾರ, ನೀರಗಂಟಿಯಂಥ ವಂಶಪಾರಂಪರ್ಯದ ಗ್ರಾಮ ಹುದ್ದೆಗಳನ್ನು ರದ್ದು ಮಾಡಲಾಯಿತು. ಹುದ್ದೆ ಹೋಗಿ ಆರು ದಶಕ ಕಳೆದರೂ ಹೆಸರು ಹೋಗಿಲ್ಲ. ನಮ್ಮ ಹಳ್ಳಿಗಳಲ್ಲಿ ದಾರಿ ಕೇಳಿ ನೋಡಿ.

“ಅಜ್ಜಿ, ಸೊಸೈಟಿ ಸೆಕ್ರೆಟರಿ ಮನೆ ಎಲ್ಲಿ ಬರುತ್ತೆ?”

“ಹಿಂಗೇ ನೆಟ್ಗೆ ಹೋಗಪ್ಪ. ಶ್ಯಾನುಭೋಗರ ಮನೆ ಸಿಕ್ತದೆ, ಅದ್ರ ಪಕ್ಕದ ಓಣಿ. ಗಾಣದ ಮನೆ ಅಂತ ಕೇಳು, ಯಾರು ಬೇಕಾದ್ರೂ ತೋರಿಸ್ತಾರೆ.”

ಶಾನುಭೋಗರ ಮೊಮ್ಮಕ್ಕಳು ಬೆಂಗಳೂರಿನಲ್ಲಿದ್ದಾರೆ. ಗಾಣ ತಿರುಗಿದ್ದನ್ನು ನೋಡಿದವರು ಆ ಓಣಿಯಲ್ಲಿ ಈಗ ಯಾರೂ ಇಲ್ಲ. ಆದರೂ ಅಜ್ಜಿ ಹೇಳಿದ ದಾರಿ ತಪ್ಪುವುದಿಲ್ಲ. ಕಣ್ಣಿಗೆ ಕಾಣುವ ಊರಿನ ಮೇಲೆ, ಮಾತಿನಲ್ಲಿ ಮಾತ್ರ ಇರುವ ಇನ್ನೊಂದು ಊರು ಹರಡಿಕೊಂಡಿದೆ. ಅಪರಿಚಿತನನ್ನು ಮನೆ ಮುಟ್ಟಿಸುವುದು ಆ ಎರಡನೆಯ ಊರು. ನಮ್ಮ ಸೀಮೆಯ ಹಳೆಯ ಊರುಗಳಲ್ಲೆಲ್ಲ ಕೋಟೆ ಒಂದು ಕಡೆ, ಪೇಟೆ ಒಂದು ಕಡೆ. ದೇವರು ಹೊರಡುವುದು ತೇರಿನ ಬೀದಿ, ವ್ಯಾಪಾರ ಕೂಡುವುದು ಸಂತೆ ಬೀದಿ, ಉಳಿದವು ಕುಂಬಾರ ಬೀದಿ, ಗಾಣಿಗರ ಬೀದಿ, ಅಗಸರ ಬೀದಿ. ಬೆಂಗಳೂರಿನ ಅಕ್ಕಿಪೇಟೆ, ರಾಗಿಪೇಟೆ, ಅರಳೆಪೇಟೆಗಳನ್ನು ನೆನೆದರೂ ಇದೇ ಕ್ರಮ ಕಾಣುತ್ತದೆ. ಈ ಹೆಸರುಗಳನ್ನು ಯಾವ ಸಭೆಯೂ ಕೂತು ನಿರ್ಣಯಿಸಲಿಲ್ಲ. ನಡೆದವರ ಬಾಯಲ್ಲಿ ಅವು ತಾವಾಗಿಯೇ ಮೂಡಿದವು.

ಹಾಗೆ ಮೂಡಿದ್ದೆಲ್ಲವೂ ಒಳ್ಳೆಯದೇ ಎಂದು ಹೇಳುವಂತಿಲ್ಲ. ಅದೇ ಬಾಯಿಗಳು ಊರ ಹೊರಗಿನ ಕೇರಿಗಳಿಗೆ ಜಾತಿಯ ಹೆಸರಿಟ್ಟು, ಅಲ್ಲಿ ಹುಟ್ಟಿದ ಮಗು ತನ್ನ ವಿಳಾಸ ಹೇಳಲು ತಲೆ ತಗ್ಗಿಸುವಂತೆ ಮಾಡಿದವು. ಕುಂಬಾರ ಬೀದಿಯ ಹುಡುಗ ತನ್ನ ಬೀದಿಯ ಹೆಸರಿನಲ್ಲಿ ಅಜ್ಜನ ಕೈಕೆಲಸವನ್ನು ಕಾಣಬಹುದು. ಊರ ಹೊರಗಿನ ಕೇರಿಯ ಹುಡುಗಿಗೆ ತನ್ನ ಕೇರಿಯ ಹಳೆಯ ಹೆಸರಿನಲ್ಲಿ ಕಾಣುವುದು ಬೇರೆಯವರು ಎಳೆದ ಗೆರೆ. ಅಂಥ ಹೆಸರು ಎಷ್ಟೇ ಹಳೆಯದಾಗಿರಲಿ, ಅದನ್ನು ಚರಿತ್ರೆಯೆಂದು ಕಾಪಾಡುವ ಹಕ್ಕು ನಮಗಿಲ್ಲ. ಅದು ಪುಸ್ತಕದಲ್ಲಿ ಉಳಿಯಲಿ, ವಿಳಾಸದಲ್ಲಿ ಬೇಡ. 2020ರಲ್ಲಿ ಮಹಾರಾಷ್ಟ್ರ ಸರ್ಕಾರ ಜಾತಿಸೂಚಕ ಬಡಾವಣೆಗಳ ಹೆಸರನ್ನು ಬದಲಿಸಲು ತೀರ್ಮಾನಿಸಿತು. ನಮ್ಮಲ್ಲೂ ಎಷ್ಟೋ ಕೇರಿಗಳು ಅಂಬೇಡ್ಕರ್ ನಗರಗಳಾಗಿವೆ, ವಾಲ್ಮೀಕಿ ನಗರಗಳಾಗಿವೆ. ಒಂದೇ ಹೆಸರು ಎಲ್ಲ ಊರಲ್ಲೂ ಬಂತೆಂದು ಕೆಲವರು ಬೇಸರಪಡುತ್ತಾರೆ. ಆ ಹೆಸರನ್ನು ತಲೆ ಎತ್ತಿ ಹೇಳುವ ಮಗುವಿನ ಮುಖ ನೋಡಿದವರಿಗೆ ಆ ಬೇಸರ ಬಾರದು.

ಹೆಸರಿನ ಈ ಎರಡೂ ಮುಖಗಳು ನಮ್ಮಲ್ಲಿ ಮಾತ್ರ ಇರುವಂಥವಲ್ಲ. ಕನ್ನಡದ ಮಾತುಗಳನ್ನು ಒಂದೊಂದಾಗಿ ಆಯ್ದು, 1894ರಲ್ಲಿ ಸುಮಾರು ಎಪ್ಪತ್ತು ಸಾವಿರ ಪದಗಳ ನಿಘಂಟನ್ನು ನಮ್ಮ ಕೈಗಿತ್ತ ಫರ್ಡಿನಾಂಡ್ ಕಿಟೆಲ್ ಅವರು 1903ರಲ್ಲಿ ತೀರಿಕೊಂಡದ್ದು ಜರ್ಮನಿಯ ಟ್ಯೂಬಿಂಗನ್ ಎಂಬ ಊರಿನಲ್ಲಿ. ಅವರು ಕೊನೆಗಾಲದಲ್ಲಿ ಬದುಕಿದ್ದ ಆ ಹಳೆಯ ಊರಿನ ಬೀದಿಗಳ ಹೆಸರು ಕೇಳಿದರೆ ನಮ್ಮ ಪೇಟೆಗಳ ನೆನಪಾಗುತ್ತದೆ. ಕಟ್ಟಿಗೆ ಮಾರುತ್ತಿದ್ದ ಜಾಗ ಹೋಲ್ಟ್ಸ್‌ಮಾರ್ಕ್ಟ್, ಧಾನ್ಯದ ಕಣಜ ಇದ್ದ ಬೀದಿ ಕಾರ್ನ್‌ಹೌಸ್ ಸ್ಟ್ರಾಸೆ, ನಾಣ್ಯ ಟಂಕಿಸುತ್ತಿದ್ದ ಬೀದಿ ಮ್ಯುನ್ಟ್ಸ್‌ಗಾಸೆ. ಅಕ್ಕಿ ಮಾರಿದಲ್ಲಿ ಅಕ್ಕಿಪೇಟೆ, ಕಟ್ಟಿಗೆ ಮಾರಿದಲ್ಲಿ ಕಟ್ಟಿಗೆ ಪೇಟೆ. ಭೂಮಿಯ ಎರಡು ಮೂಲೆಗಳಲ್ಲಿ, ಒಬ್ಬರನ್ನೊಬ್ಬರು ಕೇಳದೆ, ಜನ ಒಂದೇ ರೀತಿಯಲ್ಲಿ ದಾರಿ ಹೇಳಿದ್ದಾರೆ.

ಅದೇ ಊರಿನಲ್ಲಿ ಯೂಡನ್‌ಗಾಸೆ ಎಂದು ಒಂದು ಓಣಿ ಇದೆ, ಯಹೂದಿಗಳು ವಾಸವಾಗಿದ್ದ ಓಣಿ. 1477ರಲ್ಲಿ ಅಲ್ಲಿ ವಿಶ್ವವಿದ್ಯಾಲಯ ಹುಟ್ಟಿತು. ಅದೇ ವರ್ಷ ಯಹೂದಿಗಳು ಊರಲ್ಲಿ ಇರಕೂಡದೆಂದು ಅವರನ್ನು ಹೊರಹಾಕಿದರು. ವಿದ್ಯೆಗೆ ಬಾಗಿಲು ತೆರೆದ ವರ್ಷವೇ ನೆರೆಯವರಿಗೆ ಬಾಗಿಲು ಮುಚ್ಚಿತು. ಓಣಿಯ ಹೆಸರು ಮಾತ್ರ ಹೊರಗೆ ಹೋಗಲಿಲ್ಲ. ಹೊರಹಾಕಿದವರ ಮಕ್ಕಳು, ಮೊಮ್ಮಕ್ಕಳು, ಐನೂರು ವರ್ಷಗಳ ಮರಿಮಕ್ಕಳು, ದಾರಿ ಹೇಳುವಾಗಲೆಲ್ಲ ಹೊರಹಾಕಿಸಿಕೊಂಡವರ ಹೆಸರನ್ನು ಹೇಳುತ್ತಲೇ ಬಂದಿದ್ದಾರೆ. ಅಲ್ಲಿಯ ಓಣಿ ಹೀಗೆ ಸಾಕ್ಷಿ ನುಡಿಯುತ್ತಿರುವಾಗ, ಬರ್ಲಿನ್ನಿನ ಒಂದು ದೊಡ್ಡ ರಸ್ತೆಗೆ 1949ರಲ್ಲಿ ಸ್ಟಾಲಿನ್ನನ ಹೆಸರಿಟ್ಟರು. 1961ರ ನವೆಂಬರಿನಲ್ಲಿ ಅಲ್ಲಿದ್ದ ಅವನ ಪ್ರತಿಮೆಯ ಜೊತೆ ಆ ಹೆಸರನ್ನೂ ತೆಗೆದರು. ಹನ್ನೆರಡು ವರ್ಷಕ್ಕೆ ಆ ಹೆಸರಿನ ಆಯುಷ್ಯ ಮುಗಿಯಿತು. ಅಧಿಕಾರಕ್ಕೆ ಹೆಸರಿಡುವ ಶಕ್ತಿ ಇದೆ. ಅದನ್ನು ಉಳಿಸುವ ಶಕ್ತಿ ಇರುವುದು ದಿನವೂ ಆ ದಾರಿಯಲ್ಲಿ ನಡೆಯುವವರಿಗೆ.

ಹಾಗಾದರೆ ಆಜ್ಞೆಯಿಂದ ಬಂದ ಹೆಸರು ನಿಲ್ಲುವುದೇ ಇಲ್ಲವೇ? ನಿಲ್ಲುತ್ತದೆ, ಜನರ ಮನಸ್ಸಿನಲ್ಲಿ ಅದಕ್ಕೆ ಕಾರಣ ಸಿಕ್ಕರೆ. ವಾಣಿವಿಲಾಸ ಸಾಗರ ಎಂಬ ಹೆಸರು ಮಾರಿಕಣಿವೆಯ ಪಕ್ಕದಲ್ಲಿ ನೂರು ವರ್ಷ ಮೀರಿ ಬಾಳಿದೆ, ಎರಡಕ್ಕೂ ಜಗಳವಿಲ್ಲ. ಮಾರಿಯ ಕ್ಷೇತ್ರವೆಂಬ ಭಕ್ತಿ ಒಂದರಲ್ಲಿದೆ, ಬರದ ಸೀಮೆಗೆ ನೀರು ಬಂದ ಕೃತಜ್ಞತೆ ಇನ್ನೊಂದರಲ್ಲಿದೆ. ಬಹುಕಾಲ ಬಾಳಿದ ಹೆಸರುಗಳನ್ನೆಲ್ಲ ಮುಂದಿಟ್ಟುಕೊಂಡು ನೋಡಿದಾಗ ನನಗೆ ಕಾಣುವುದು ಈ ಕೃತಜ್ಞತೆಯೇ. ಕೆರೆಗೆ ಕೃತಜ್ಞತೆ, ದನಕ್ಕೆ ಕೃತಜ್ಞತೆ, ಅಕ್ಕಿ ಮಾರಿದವನಿಗೆ, ಮಡಕೆ ಮಾಡಿದವನಿಗೆ, ಘಟ್ಟದ ಕೆಳಗಿನ ಕಡಲಿಗೆ, ಮಗಳಿಗೆ ಊರನ್ನೇ ಕೊಟ್ಟ ತಂದೆಗೆ. ಹೇಳುವವನಿಗೆ ತಾನು ಕೃತಜ್ಞತೆ ಹೇಳುತ್ತಿದ್ದೇನೆಂಬ ಅರಿವು ಇರಬೇಕಾಗಿಲ್ಲ. ಆಟೋದವನಿಗೆ ವಿಳಾಸ ಹೇಳಿದರೆ ಸಾಕು, ಅದು ಸಂದಾಯವಾಗುತ್ತದೆ.

ಈಗ ನಮ್ಮ ಊರುಗಳ ಅಂಚಿನಲ್ಲಿ ಹೊಸ ಬಡಾವಣೆಗಳು ಏಳುತ್ತಿವೆ. ತೆಂಗಿನ ತೋಟ ನಿವೇಶನವಾಗುತ್ತಿದೆ, ಗೂಟ ನೆಟ್ಟು ದಾರ ಕಟ್ಟಿದಲ್ಲಿ ರಸ್ತೆ ಬರುತ್ತಿದೆ. ಮೊದಲನೇ ಅಡ್ಡರಸ್ತೆ, ಎರಡನೇ ಅಡ್ಡರಸ್ತೆ ಎಂದು ಫಲಕ ನಿಲ್ಲುತ್ತಿದೆ. ಅಂಕಿ ದಾರಿಯನ್ನು ಸರಿಯಾಗಿಯೇ ತೋರಿಸುತ್ತದೆ, ಅದರ ಬಗ್ಗೆ ನನಗೆ ತಕರಾರಿಲ್ಲ. ಅಂಕಿಯಿಂದ ಕಥೆ ಹುಟ್ಟುವುದಿಲ್ಲ ಎಂಬುದಷ್ಟೇ ನನ್ನ ಕಳವಳ. ಮೂರನೇ ಅಡ್ಡರಸ್ತೆಯ ಮಗು ಅಮ್ಮನ ಹತ್ತಿರ ಹೋಗಿ, ಇದಕ್ಕೆ ಮೂರು ಅಂತ ಏಕೆ ಹೆಸರು ಎಂದು ಕೇಳಿದರೆ, ಎರಡರ ನಂತರ ಬಂದದ್ದಕ್ಕೆ ಎಂಬ ಉತ್ತರ ಸಿಗುತ್ತದೆ. ಆ ಉತ್ತರ ಅಲ್ಲಿಗೇ ಮುಗಿಯುತ್ತದೆ. ಮುಗಿಯದ ಉತ್ತರವೊಂದನ್ನು ಆ ಮಗುವಿಗೆ ಕೊಡುವುದು ನಮ್ಮ ಕೈಯಲ್ಲಿದೆ.

ಗ್ರಾಮಸಭೆಯಲ್ಲಿ ಚರಂಡಿ, ಬೀದಿದೀಪ, ಕುಡಿಯುವ ನೀರಿನ ಮಾತು ಬರುವಂತೆ ರಸ್ತೆಯ ಹೆಸರಿನ ಮಾತೂ ಬರಲಿ. ತೋಟವಿದ್ದ ಜಾಗಕ್ಕೆ ತೋಟದ ಹೆಸರೇ ಇರಲಿ. ಮುದುಕರ ಬಾಯಲ್ಲಿ ಪ್ರತಿ ಹೊಲಕ್ಕೂ ಒಂದು ಹೆಸರಿರುತ್ತದೆ. ಊರಿಗೆ ಬಂದು ನೂರಾರು ಹೆರಿಗೆ ಮಾಡಿಸಿದ ಸೂಲಗಿತ್ತಿಗೆ ಒಂದು ಓಣಿ ಸಿಗಲಿ, ಮೂರು ತಲೆಮಾರಿಗೆ ಅಕ್ಷರ ಕಲಿಸಿದ ಮೇಷ್ಟ್ರಿಗೆ ಒಂದು ಸಿಗಲಿ. ಅಯ್ಯನಕೆರೆಗೆ ಹೋಗುವ ದಾರಿ ಹೊನ್ನಬಿಲ್ಲನ ದಾರಿಯಾಗಲಿ. ಆ ಫಲಕ ನೆಟ್ಟ ದಿನ ಅದು ಸುಮ್ಮನೆ ಒಂದು ತಗಡಿನ ಹಾಳೆಯಾಗಿರುತ್ತದೆ. ಬಾಳೆಗೊನೆ ಹೊತ್ತ ಟ್ರ್ಯಾಕ್ಟರಿನವನು, ಕೆರೆ ನೋಡಲು ಬಂದ ಬೈಕಿನ ಹುಡುಗರು, ಮಗಳ ಮನೆಗೆ ಹೊರಟ ಅಜ್ಜಿ, ಎಲ್ಲರೂ ಅದನ್ನು ದಾರಿಗಾಗಿ ಹೇಳತೊಡಗಿದಾಗ ಅದು ಹೆಸರಾಗುತ್ತದೆ. ನಮ್ಮ ಹಿಂದಿನವರು ತೋಟಿಯ ಹೆಸರನ್ನು ದಾರಿಗಿಡಲಿಲ್ಲ. ಅವನ ಕಥೆಯನ್ನು ಮಾತ್ರ ನಮ್ಮವರೆಗೆ ತಂದು ಮುಟ್ಟಿಸಿದರು. ಉಳಿದ ಕೆಲಸವನ್ನು ನಮಗೆ ಬಿಟ್ಟಿದ್ದಾರೆ ಎಂದೇ ನಾನು ತಿಳಿಯುತ್ತೇನೆ.

ಇನ್ನೂರು ವರ್ಷಗಳ ನಂತರ ಈ ದಾರಿಗಳಲ್ಲಿ ನಡೆಯುವವರಿಗೆ ನಮ್ಮಲ್ಲಿ ಒಬ್ಬರ ಪರಿಚಯವೂ ಇರುವುದಿಲ್ಲ. ನಮ್ಮ ಮನೆಗಳು, ನಮ್ಮ ಜಗಳಗಳು, ನಮ್ಮ ಸರ್ಕಾರಗಳು ಅವರಿಗೆ ಬೇಕಾಗುವುದೂ ಇಲ್ಲ. ನಾವು ಯಾರ ಋಣವನ್ನು ಒಪ್ಪಿಕೊಂಡಿದ್ದೆವು ಎಂಬುದು ಮಾತ್ರ, ಅವರು ಒಬ್ಬರಿಗೊಬ್ಬರು ದಾರಿ ಹೇಳುವಾಗ, ಅವರ ಬಾಯಲ್ಲಿ ಇರುತ್ತದೆ.